ಕೊಸರಿಗೆ ದರವೆಷ್ಟು?

ಹೊಸಪೇಟೆಯಲ್ಲಿ ನಮ್ಮ ಮನೆಯವರಷ್ಟು ದರ ಕೇಳಿದವರು ಇನ್ನೊಬ್ಬರಿರಲಿಲ್ಲ, ಅವರಷ್ಟು ಕಡಿಮೆ ಕೊಂಡವರೂ ಇರಲಿಲ್ಲ! ಹದಿನಾಲ್ಕು ವರ್ಷ, ವಾರಕ್ಕೊಂದು ದಿನ, ಸಂತೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಅಕ್ಕಿ ಎಷ್ಟು, ಬೇಳೆ ಎಷ್ಟು, ಹುಣಸೆಹಣ್ಣು ಎಷ್ಟು ಎಂದು ಕೇಳಿದರು. ಹೇಳಿದ್ದನ್ನು ಬರೆದುಕೊಂಡರು. ಮನೆಗೆ ಬಂದರು. ಕೈಯಲ್ಲಿ ಒಂದು ಲಿಂಬೆಹಣ್ಣಾದರೂ ಇರುತ್ತಿತ್ತೇ? ಇಲ್ಲ. ಸೀಸದಕಡ್ಡಿ ಇರುತ್ತಿತ್ತು.

ಅವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಪೇಟೆಯ ದರಗಳನ್ನು ಪಟ್ಟಿಯಲ್ಲಿ ತುಂಬಿ, ರುಜು ಹಾಕಿ, ಮೇಲಿನ ಕಚೇರಿಗೆ ಕಳಿಸುವುದು ಅವರ ಕೆಲಸ. ಊರೂರಿನಿಂದ ಬಂದ ಪಟ್ಟಿಗಳನ್ನು ಮೇಲಿನವರು ಕೂಡಿಸಿ, ಕಳೆದು, ಭಾಗಿಸಿ, ಜನರ ಬದುಕಿನ ಖರ್ಚು ಇಷ್ಟು ಏರಿದೆ ಎಂದು ಒಂದು ಅಂಕಿ ತೆಗೆಯುತ್ತಿದ್ದರು. ಆ ಅಂಕಿ ಹೇಗೆ ಬರುತ್ತದೆ ಎಂದು ಅವರು ನನಗೆ ಎಷ್ಟು ಸಲ ಹೇಳಿಕೊಟ್ಟರೋ! ನಾನು ಓದಿದ್ದು ಐದನೆಯ ಕ್ಲಾಸು. ಹೇಳುವಾಗ ತಿಳಿದಂತಾಗುತ್ತಿತ್ತು, ಒಲೆಯ ಮುಂದೆ ಬರುವಷ್ಟರಲ್ಲಿ ಮರೆತಿರುತ್ತಿತ್ತು. ಇನ್ನೊಮ್ಮೆ ಕೇಳೋಣವೆಂದರೆ ಅವರು ತೀರಿಕೊಂಡು ಮೂರು ತಿಂಗಳಾಯಿತು. ಆದ್ದರಿಂದ ತಿಳಿಯದ್ದನ್ನು ತಿಳಿಯದ ಹಾಗೆಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ಮೊದಲು ಆ ಪಟ್ಟಿಯ ಸಂಗತಿ. ಅದನ್ನು ಮಾಡಿದವರು ಯಾವುದೋ ಸಮುದ್ರದ ದಂಡೆಯ ಊರಿನವರಿರಬೇಕು. ಅದರಲ್ಲಿ ಕುಸುಬಲಕ್ಕಿ ಇತ್ತು, ಎಳ್ಳೆಣ್ಣೆ ಇತ್ತು, ಒಣಮೀನು ಇತ್ತು. ಜೋಳ ಇರಲಿಲ್ಲ! ಮನೆಮನೆಯಲ್ಲೂ ರೊಟ್ಟಿ ತಟ್ಟುವ ಸದ್ದಿಗೆ ಬೆಳಗಾಗುವ ಊರು ನಮ್ಮದು. ಅಂಥ ಊರಿನ ಪಟ್ಟಿಯಲ್ಲಿ ಜೋಳವೇ ಇಲ್ಲ. ನಮ್ಮ ಮನೆಯವರು ಅದನ್ನು ಕೆಳಗಡೆ ಕೈಬರಹದಲ್ಲಿ ಸೇರಿಸಿ ಕಳಿಸಿದರು. ಮೇಲಿನವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ತಿರುಗಿ ಕಳಿಸಿದರು. ಇವರು ಮತ್ತೆ ಸೇರಿಸಿದರು. ಅವರು ಮತ್ತೆ ಹೊಡೆದರು. ನಮ್ಮ ತಾಲೂಕಿನ ಜೋಳ ಅಷ್ಟು ಸಲ ರೈಲು ಹತ್ತಿದ್ದು ಮೂಟೆಯಲ್ಲಿ ಅಲ್ಲ, ಲಕೋಟೆಯಲ್ಲಿ!

ಇನ್ನು ಒಣಮೀನು. ನಮ್ಮದು ಮೀನಿನ ವಾಸನೆ ಬಂದರೆ ಬಾಗಿಲು ಹಾಕಿಕೊಳ್ಳುವ ಮನೆತನ. ಇವರೋ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಪ್ರತಿ ವಾರ ಮೀನಿನ ಸಾಲಿಗೆ ಹೋಗಿ ನಿಲ್ಲಬೇಕು. ಅಲ್ಲಿ ಕೂರುವ ಹೆಂಗಸು ದೂರದಿಂದಲೇ ಕೂಗುತ್ತಿದ್ದಳಂತೆ.

“ಬಂದ್ರಾ ಸ್ವಾಮೇರ! ಬರೇ ಕೇಳ್ತೀರಿ, ಒಂದಿನಾರ ಒಂದ್ ಒಯ್ರಿ. ಹೆಂಡ್ತಿ ಬೈದ್ರ ನನ್ ಹೆಸರು ಹೇಳ್ರಿ.”

“ಬ್ಯಾಡವ್ವಾ, ದರ ಒಂದು ಹೇಳು ಸಾಕು.”

“ನಿಮಗ ತಿಳಿದಷ್ಟು ಬರ್ಕಳ್ರಿ. ತಗಳ್ಳಲಾರ್ದೋರ್ಗೆ ಎಷ್ಟಾದ್ರೇನು!”

ಅವರು ಮನೆಗೆ ಬರುವಷ್ಟರಲ್ಲಿ ನಮ್ಮ ಅತ್ತೆ ತಂಬಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ನೀರು ತಲೆಯ ಮೇಲೆ ಬೀಳದೆ ಮಗನಿಗೆ ಒಳಗೆ ಪ್ರವೇಶವಿಲ್ಲ. ಈ ಸುದ್ದಿ ಚಿತ್ತವಾಡ್ಗಿಯನ್ನು ದಾಟಿ, ಗುಡ್ಡ ಹತ್ತಿ ಇಳಿದು, ಸಂಡೂರನ್ನೂ ಮುಟ್ಟಿತು. ಸಂಡೂರು ರಾಜರ ಸೀಮೆ, ನಮ್ಮ ಸರಕಾರದ ಕಾಗದ ಅಲ್ಲಿಗೆ ಹೋಗುವುದಿಲ್ಲ, ಸುದ್ದಿ ಹೋಗುತ್ತದೆ! ಅಲ್ಲಿಂದ ಅತ್ತೆಯ ತಮ್ಮ ಗಾಡಿ ಕಟ್ಟಿಸಿಕೊಂಡು ಬಂದು, ನೀರು ಕೂಡ ಕುಡಿಯದೆ ಕೇಳಿದರು.

“ಅಕ್ಕಾ, ಅಳಿಯ ಮೀನು ಹಚ್ಕೊಂಡಾನಂತಲ್ಲ?”

“ತಿನ್ನಂಗಿಲ್ಲಪ್ಪಾ. ಬರೇ ವಿಚಾರಸ್ತಾನ.”

ಅವರಿಗೆ ಇದು ಕೇಳಿ ಇನ್ನೂ ಭಯವಾಯಿತು. “ತಿಂದಿದ್ರ ಬಿಡಿಸಬಹುದಿತ್ತು” ಎಂದು ತಲೆಗೆ ಕೈ ಹಚ್ಚಿ ಕುಳಿತರು.

ಯುದ್ಧ ಶುರುವಾಯಿತು. ದರಗಳು ಏರತೊಡಗಿದವು. ನೌಕರರಿಗೆ ತುಟ್ಟಿಭತ್ಯೆ ಎಂದು ಸಂಬಳದ ಜೊತೆ ಸ್ವಲ್ಪ ಕೊಡತೊಡಗಿದರು. ಅದು ಎಷ್ಟು ಎಂಬುದು ಆ ಅಂಕಿಯ ಮೇಲೆ ನಿಂತಿತ್ತು. ಅಂಕಿ ಏರಿದರೆ ಭತ್ಯೆ ಏರುತ್ತದೆ, ಇಲ್ಲದಿದ್ದರೆ ಇಲ್ಲ. ನನಗೆ ಇಷ್ಟು ಮಾತ್ರ ಚೆನ್ನಾಗಿ ತಿಳಿಯಿತು. ಆದರೆ ಪೇಟೆಯಲ್ಲಿ ಎಲ್ಲವೂ ಏರಿದರೂ ಅಂಕಿ ಮಾತ್ರ ಕುಂಟುತ್ತ ಏರುತ್ತಿತ್ತು. ಯಾಕೆ ಎಂದು ಅತ್ತೆ ಕೇಳಿದರು. ಇವರು ಹೇಳಿಕೊಡಲು ಕುಳಿತರು.

“ಅವ್ವಾ, ಯುದ್ಧಕ್ಕ ಮೊದಲಿನ ಖರ್ಚು ನೂರು ಅಂತ ಇಟ್ಕೋ.”

“ನೂರು ಎಲ್ಲೈತಪ್ಪಾ ಇಟ್ಕೊಳ್ಳಾಕ?”

“ರೂಪಾಯಿ ಅಲ್ಲಬೇ. ಬರೇ ನೂರು.”

“ಬರೇ ನೂರು ಅಂದ್ರ? ನೂರು ಕುಳ್ಳೋ, ನೂರು ತೆಂಗಿನಕಾಯೋ?”

“ಏನೂ ಅಲ್ಲ. ಸುಮ್ಕ ನೂರು.”

“ಏನೂ ಅಲ್ಲದ್ದು ಏರಿದ್ರ ನಮಗೇನು, ಇಳಿದ್ರ ನಮಗೇನು?”

ಇವರು ಸೋಲಲಿಲ್ಲ. ಜೋಳ ಏರಿದೆ, ಸೀಮೆಎಣ್ಣೆ ಏರಿದೆ, ಆದರೆ ಮನೆ ಬಾಡಿಗೆ ಏರಿಲ್ಲ, ಎಲ್ಲವನ್ನೂ ಕಲಸಿದರೆ ಏರಿದ್ದು ಕಡಿಮೆ ಕಾಣುತ್ತದೆ ಎಂದು ಬಿಡಿಸಿ ಹೇಳಿದರು.

“ಬಾಡಿಗಿ ಯಾರು ಕೊಡ್ತಾರ? ಮನಿ ನಮ್ದಲ್ಲೇನು?”

“ನಮ್ದ. ಆದ್ರ ಲೆಕ್ಕದಾಗ ಬಾಡಿಗಿ ಐತಿ.”

“ಜ್ವಾಳ?”

“ಲೆಕ್ಕದಾಗ ಇಲ್ಲ.”

ಅತ್ತೆ ಸೆರಗು ಕೊಡವಿಕೊಂಡು ಎದ್ದರು. ಸರಕಾರ ನಮ್ಮ ಮನೆಯಲ್ಲಿ ನಮ್ಮನ್ನೇ ಬಾಡಿಗೆಗೆ ಇಟ್ಟಿದೆ, ಜೋಳ ಉಣ್ಣಬಾರದೆಂದೂ ಬರೆದಿದೆ ಎಂದು ಓಣಿಯಲ್ಲಿ ಹೇಳಿ ಬಂದರು. ಮರುದಿನ ಮೂವರು ನೆರೆಯವರು ಮನೆಯ ಹಳೆಯ ಕಾಗದಪತ್ರಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು ಇವರ ಮುಂದೆ ಇಟ್ಟರು. ಅವರಿಗೆ ಸಮಾಧಾನ ಹೇಳುವುದರಲ್ಲಿ ಒಂದು ಭಾನುವಾರ ಹೋಯಿತು.

ಇವರ ಜೊತೆ ದೇವರಿಗೆ ಹೋಗುವುದೂ ಕಷ್ಟವೇ. ಒಮ್ಮೆ ಹಂಪಿಗೆ ಹೋಗಿದ್ದೆವು. ಗುಡಿಯ ಮುಂದೆ ಕಾಯಿ ಕೊಂಡೆ. ಒಡೆಸಿದೆ. ಒಂದು ಹೋಳು ನಮಗೆ ಬಂತು, ಒಂದು ಹೋಳು ಪೂಜಾರಿಗಳ ಬುಟ್ಟಿಗೆ ಹೋಯಿತು. ಆ ಬುಟ್ಟಿ ಆಮೇಲೆ ಕೊಬ್ಬರಿ ಅಂಗಡಿಗೆ ಹೋಗುತ್ತದೆ ಎಂದು ಇವರಿಗೆ ಕಂಡಿತು. ಮುಗಿಯಿತು! ಒಂದೇ ಕಾಯಿಗೆ ಜನ ಎರಡು ಸಲ ದುಡ್ಡು ಕೊಟ್ಟರೆ ಪಟ್ಟಿಯಲ್ಲಿ ಒಂದು ಬರೆಯಬೇಕೋ ಎರಡೋ? ಕಡ್ಡಿರಾಂಪುರ ದಾಟುವವರೆಗೆ ಗಾಡಿಯಲ್ಲಿ ಇದೇ ಮಾತು. ಕೊನೆಗೆ ಗಾಡಿಯವನು, “ಬುದ್ದೀ, ಆ ಹೋಳು ಇಲ್ಲಿ ಕೊಡ್ರಿ” ಎಂದು ಇಸಿದುಕೊಂಡು ತಿಂದುಬಿಟ್ಟ. “ಈಗ ಒಂದ ಬರ್ಕಳ್ರಿ” ಎಂದ.

ಆದರೆ ಅವರ ತಲೆ ನಿಜವಾಗಿ ಕೆಟ್ಟದ್ದು ಕೊಸರಿನ ವಿಷಯದಲ್ಲಿ.

ನಮ್ಮಲ್ಲಿ ಸೇರಿನಿಂದ ಕಾಳು ಅಳೆದು ಹಾಕಿದ ಮೇಲೆ, ಅಂಗಡಿಯವರು ಕೈ ಎತ್ತಿ ಒಂದು ಹಿಡಿ ಮೇಲೆ ಹಾಕುವುದು ಪದ್ಧತಿ. ಅದೇ ಕೊಸರು. ಅದನ್ನು ಕೇಳಬೇಕಾಗಿರಲಿಲ್ಲ, ಹಾಕದಿದ್ದರೆ ಹೆಂಗಸರು ಚೀಲ ಎತ್ತುತ್ತಿರಲಿಲ್ಲ. ಯುದ್ಧದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಒಂದು ದಿನ ನಾವು ದಿನಸಿ ಕೊಳ್ಳುವ ಶೆಟ್ಟರ ಅಂಗಡಿಯಲ್ಲಿ ಸೇರು ಬರಿದಾಯಿತು, ಕೈ ಎದ್ದಿತು, ಹಾಗೆಯೇ ಇಳಿದು ತೊಡೆಯ ಮೇಲೆ ಕುಳಿತಿತು. ನಾನು ಚೀಲ ಹಿಡಿದು ನಿಂತೇ ಇದ್ದೆ. ಶೆಟ್ಟರು ನನ್ನ ಮುಖ ನೋಡಲಿಲ್ಲ. ಆ ವಾರ ಬೇಳೆಯ ದರ ಒಂದು ಕಾಸೂ ಏರಿರಲಿಲ್ಲ.

ಮನೆಗೆ ಬಂದು ಹೇಳಿದೆ. ಇವರು ಸೀಸದಕಡ್ಡಿಯನ್ನು ಕಿವಿಯಿಂದ ತೆಗೆದರು. ದರ ನಿಂತಲ್ಲೇ ಇದೆ, ಬೇಳೆ ಕಡಿಮೆಯಾಗಿದೆ. ಹಾಗಾದರೆ ಏರಿತೋ ಇಲ್ಲವೋ? ಪಟ್ಟಿಯ ಷರಾದಲ್ಲಿ “ಕೊಸರು ನಿಂತಿದೆ” ಎಂದು ಬರೆದು ಕಳಿಸಿದರು. “ಕೊಸರು ಎಂದರೇನು, ವಿವರಣೆ ಕಳಿಸಿ” ಎಂದು ಉತ್ತರ ಬಂತು. ನಾಲ್ಕು ಪುಟ ವಿವರಣೆ ಬರೆದರು. ದೊಡ್ಡ ಕೈಯ ಕೊಸರು, ಸಣ್ಣ ಕೈಯ ಕೊಸರು, ಗುರುತಿನವರಿಗೆ ಹಾಕುವ ಕೊಸರು, ಎಲ್ಲ ಬರೆದರು. ಹದಿನೈದು ದಿನಕ್ಕೆ ಇನ್ನೊಂದು ಕಾಗದ ಬಂತು. ಒಂದೇ ಸಾಲು: “ಕೊಸರಿನ ದರವನ್ನು ತಿಳಿಸತಕ್ಕದ್ದು.”

ಪುಕ್ಕಟೆ ಕೊಡುವುದಕ್ಕೆ ದರ ಎಲ್ಲಿಂದ ತರಬೇಕು? ಇವರು ಎರಡು ದಿನ ಆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೂರನೆಯ ದಿನ, ಕಂಪ್ಲಿಯಲ್ಲಿ ಇನ್ನೂ ಕೊಸರು ಹಾಕುತ್ತಾರೆಂದು ಯಾರೋ ಹೇಳಿದರು. ಸರಿ, ನಮ್ಮ ಹಿತ್ತಾಳೆಯ ಸೇರನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಪ್ಲಿಗೆ ಹೊರಟರು. ಅಲ್ಲಿಯ ಅಕ್ಕಿ ವ್ಯಾಪಾರಿ ನೋಡಿದ: ಕೋಟು, ರುಮಾಲು, ಕಂಕುಳಲ್ಲಿ ಸೇರು. ಅಳತೆ ತಪಾಸಣೆಯ ಸಾಹೇಬರೇ ಬಂದರೆಂದು ತಿಳಿದು, “ಬರ್ರಿ, ಕುಂದ್ರಿ, ಎಷ್ಟು ಬೇಕ್ರಿ ಕೊಸರು!” ಎಂದು ಟವಲು ಹಾಸಿ ಹಿಡಿಹಿಡಿಯಾಗಿ ಸುರಿದ. ಹದಿನಾಲ್ಕು ವರ್ಷದಲ್ಲಿ ಇವರು ಪೇಟೆಯಿಂದ ಮನೆಗೆ ತಂದ ಮೊದಲ ದಿನಸಿ ಅದೇ! ನಾನು ಸಂತೋಷದಿಂದ ಕೇರಲು ಮೊರ ತಂದೆ. ಇವರು ಟವಲಿನ ಗಂಟು ಬಿಚ್ಚಗೊಡಲಿಲ್ಲ. ಹೆದರಿಸಿ ತಂದದ್ದು ಕೊಸರಲ್ಲವಂತೆ. ಮರುದಿನ ಮತ್ತೆ ಕಂಪ್ಲಿಗೆ ಹೋಗಿ ಹಿಂದಕ್ಕೆ ಕೊಟ್ಟು ಬಂದರು. ಬಸ್ಸಿನ ದುಡ್ಡಿಗೆ ಅದರ ಎರಡರಷ್ಟು ಅಕ್ಕಿ ಬರುತ್ತಿತ್ತು.

ಅಷ್ಟರಲ್ಲಿ ಕಂಟ್ರೋಲು ಬಂತು. ಶೆಟ್ಟರ ಅಂಗಡಿಯ ಮುಂದೆ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಸರಕಾರದ ದರ ಬರೆದಿರುತ್ತಿತ್ತು. ಆ ದರಕ್ಕೆ ಅಕ್ಕಿ ಕೇಳಿದರೆ ಶೆಟ್ಟರು ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು: “ದರ ಐತ್ರಿ. ಅಕ್ಕಿ ಇಲ್ಲ.” ಹಿತ್ತಲ ಬಾಗಿಲಿಗೆ ಹೋದರೆ ಅಕ್ಕಿ ಇರುತ್ತಿತ್ತು, ಹಲಗೆ ಇರುತ್ತಿರಲಿಲ್ಲ. ಒಂದು ದಿನ ಇವರು ಮುಂಬಾಗಿಲಲ್ಲಿ ನಿಂತು ಹಲಗೆಯ ದರ ಬರೆದುಕೊಳ್ಳುತ್ತಿದ್ದಾರೆ, ನಾನು ಹಿಂಬಾಗಿಲಲ್ಲಿ ಹೆಚ್ಚೂಕಡಿಮೆ ಅದರ ಎರಡರಷ್ಟು ಕೊಟ್ಟು ಅಕ್ಕಿ ತುಂಬಿಸಿಕೊಳ್ಳುತ್ತಿದ್ದೇನೆ. ನಡುವೆ ಶೆಟ್ಟರು ಅತ್ತ ಒಮ್ಮೆ, ಇತ್ತ ಒಮ್ಮೆ! ಇವರು ಬರೆದ ದರಕ್ಕೆ ಶೆಟ್ಟರ ರುಜು ಇತ್ತು. ನಾನು ಕೊಟ್ಟ ದರಕ್ಕೆ ಯಾರ ರುಜುವೂ ಇರಲಿಲ್ಲ. ಬರೆದರೆ ಶೆಟ್ಟರಿಗೆ ಜೈಲು. ನನ್ನ ಬಾಣಂತನದಲ್ಲಿ ಬೆಲ್ಲ ಎಲ್ಲೂ ಸಿಗದಿದ್ದಾಗ ತಮ್ಮ ಮನೆಯ ಗಡಿಗೆಯಿಂದಲೇ ತೆಗೆದು ಕಳಿಸಿದವರು ಆ ಶೆಟ್ಟರು. ಅವರನ್ನು ಕಳ್ಳರೆನ್ನಬೇಕೋ, ಅಣ್ಣ ಎನ್ನಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಒಂದು ಕೆಟ್ಟ ಸುದ್ದಿ ಬಂತು. ಹಲಗೆಯ ದರದ ಲೆಕ್ಕದಲ್ಲಿ ಅಂಕಿ ಏರಿಲ್ಲವಾದ್ದರಿಂದ ತುಟ್ಟಿಭತ್ಯೆಯನ್ನು ಏರಿಸಬೇಕಾಗಿಲ್ಲ, ಇಳಿಸಲೂಬಹುದಂತೆ. ವಿಚಾರಣೆಗೆ ಮೇಲಿನಿಂದ ಒಬ್ಬ ಸಾಹೇಬರು ಬರುತ್ತಾರಂತೆ. ಮಾಸ್ತರರು, ಜವಾನರು, ಬೀದಿ ಗುಡಿಸುವವರು, ಎಲ್ಲರ ಹೊಟ್ಟೆಯ ಪ್ರಶ್ನೆ ಅದು. ನಮ್ಮದೂ. ಇಬ್ಬರು ಮಕ್ಕಳು, ಅತ್ತೆ, ನಾವು. ಇವರು ಕನ್ನಡಕ ಒರೆಸಿಕೊಂಡು ಕುಳಿತು, ಪಟ್ಟಿ ಸುಳ್ಳು ಹೇಳುತ್ತದೆ ಎಂದು ಅರ್ಜಿ ಬರೆದರು. ಸಾಕ್ಷಿ ಬೇಕಲ್ಲ? ಕೊಳ್ಳುವವಳೇ ಸಾಕ್ಷಿ. ಅಂದರೆ ನಾನು!

ಹದಿನೈದು ದಿನ ನನಗೆ ಪಾಠ. ಸಾಹೇಬರ ಪಾತ್ರಕ್ಕೆ ಅತ್ತೆಯನ್ನು ಮಣೆಯ ಮೇಲೆ ಕೂರಿಸಿದರು.

“ಅಕ್ಕಿ ಎಷ್ಟಕ್ಕ ತಂದ್ಯವ್ವಾ?” ಎಂದು ಅತ್ತೆ ಗತ್ತಿನಿಂದ ಕೇಳಿದರು. ನಾನು ಕೊಟ್ಟಿದ್ದನ್ನು ಹೇಳಿದೆ. ಸಾಹೇಬರು ಮಣೆಯಿಂದ ಎದ್ದೇಬಿಟ್ಟರು. “ಅಷ್ಟ್ಯಾಕ ಕೊಟ್ಟಿ? ಚೌಕಾಸಿ ಮಾಡಾಕ ಬರಂಗಿಲ್ಲೇನು ನಿನಗ?”

“ಅವ್ವಾ, ಸಾಹೇಬ್ರು ಹಂಗ ಬೈಯಂಗಿಲ್ಲ.”

“ಬೈಯಲಿಲ್ಲಂದ್ರ ಅವನೆಂಥ ಸಾಹೇಬ?”

ವಿಚಾರಣೆಯ ಹಿಂದಿನ ದಿನ ಶೆಟ್ಟರ ಅಂಗಡಿಗೆ ಹೋಗಿದ್ದೆ. ಅವರು ಏನೂ ಕೇಳಲಿಲ್ಲ. ಬೇಳೆ ಅಳೆದರು. ಅಳೆದು, ಎಷ್ಟೋ ದಿನಗಳ ಮೇಲೆ ಕೈ ಎತ್ತಿ ಒಂದು ದೊಡ್ಡ ಹಿಡಿ ಹಾಕಿದರು. ಅದು ಪ್ರೀತಿಯೋ, ಹೆದರಿಕೆಯೋ, ಲಂಚವೋ? ಚೀಲ ಹೊತ್ತು ಮನೆಯವರೆಗೆ ಯೋಚಿಸಿದೆ, ತಿಳಿಯಲಿಲ್ಲ. ಇವರಿಗೆ ಹೇಳಲಿಲ್ಲ.

ಮರುದಿನ ಮಂಗಳವಾರ. ಕಚೇರಿಯ ಪಡಸಾಲೆ ತುಂಬಿತ್ತು. ಅಂಗಳದಲ್ಲಿ ಜವಾನರು, ಗುಡಿಸುವವರು ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಬೇವಿನ ಮರದ ಕೆಳಗೆ ಶೆಟ್ಟರು ಕೊಡೆ ಹಿಡಿದು ನಿಂತಿದ್ದರು, ಬಿಸಿಲು ಅವರ ಕಡೆಗೆ ಇರಲೇ ಇಲ್ಲ. ಸಾಹೇಬರು ಬೈಯುವವರಲ್ಲ, ಸಣ್ಣ ದನಿಯವರು. ತೆಲುಗು ಬೆರೆತ ಕನ್ನಡ.

“ಈ ಪಟ್ಟಿಗೆ ರುಜು ಯಾರದಯ್ಯಾ?”

“ನಂದ ಸ್ವಾಮಿ.”

“ಪಟ್ಟಿ ಸರಿಯಿಲ್ಲ ಅಂತ ಅರ್ಜಿ?”

“ಅದೂ ನಾನ.”

“ಮರಿ, ಹಾಗಾದರೆ ನಾನು ಯಾರನ್ನು ನಂಬಲಿ?”

“ಇಬ್ರನ್ನೂ ನಂಬ್ರಿ ಸ್ವಾಮಿ. ಇಬ್ರೂ ಖರೇನ ಬರದಾರ.”

ಅಂಗಳದಲ್ಲಿ ಯಾರೋ ನಕ್ಕರು. ಸಾಹೇಬರು ನಗಲಿಲ್ಲ. ನನ್ನ ಕಡೆ ತಿರುಗಿದರು.

“ಚೆಪ್ಪಮ್ಮಾ, ಹೇಳು. ಅಕ್ಕಿ ಯಾವ ಅಂಗಡಿಯಲ್ಲಿ ತಂದೆ? ಎಷ್ಟು ಕೊಟ್ಟೆ?”

ಎಷ್ಟು ಕೊಟ್ಟೆ ಎಂಬುದನ್ನು ಹದಿನೈದು ದಿನ ಬಾಯಿಪಾಠ ಮಾಡಿದ್ದೆ. ಯಾವ ಅಂಗಡಿ ಎಂದು ನಮ್ಮ ಅತ್ತೆ ಒಮ್ಮೆಯೂ ಕೇಳಿರಲಿಲ್ಲ! ಕಣ್ಣೆತ್ತಿದರೆ ಬೇವಿನ ಮರದ ಕೊಡೆ ಕಾಣುತ್ತದೆ. ತಗ್ಗಿಸಿದರೆ ಅಂಗಳದಲ್ಲಿ ಕುಳಿತವರ ಕಾಲುಗಳು ಕಾಣುತ್ತವೆ. ಹೇಳಿದರೆ ಒಬ್ಬರ ಮನೆ ಹಾಳು, ಹೇಳದಿದ್ದರೆ ಇಷ್ಟು ಜನರದ್ದು.

“ಅಂಗಡಿ ಹೆಸರಿಲ್ಲದೆ ದರ ಹೇಗಮ್ಮಾ ಬರೆದುಕೊಳ್ಳಲಿ?” ಎಂದರು ಸಾಹೇಬರು, ಬೇಸರವಿಲ್ಲದೆ. ಲೇಖನಿ ಕೆಳಗಿಟ್ಟರು.

ನಮ್ಮ ಮನೆಯವರು ನನ್ನನ್ನು ನೋಡಿದರು. ಆಮೇಲೆ ಹೊರಗೆ ಮರದ ಕಡೆ ನೋಡಿದರು. ರುಮಾಲು ಸರಿಮಾಡಿಕೊಂಡು ಮುಂದೆ ಬಂದರು.

“ದರ ಬಿಡ್ರಿ ಸ್ವಾಮಿ. ನನ್ನ ಹತ್ರ ಇನ್ನೊಂದು ಲೆಕ್ಕ ಐತಿ. ಅದು ಇಕಿಗೂ ಗೊತ್ತಿಲ್ಲ.”

“ಹೇಳು.”

“ನಮ್ ಮದುವಿ ಆದಾಗ ಇಕಿ ವಾರಕ್ಕೊಂದು ಒಪ್ಪತ್ತು ಮಾಡ್ತಿದ್ಲು. ಸೋಮವಾರ. ಯುದ್ಧ ಶುರುವಾದ ವರ್ಷ ಗುರುವಾರ ಹಿಡಿದ್ಲು. ಕೊಸರು ನಿಂತ ಮ್ಯಾಲೆ ಶನಿವಾರ ಬಂತು. ಹೋದ ತಿಂಗಳಿಂದ ಮಂಗಳವಾರ. ಇದು ಯಾವ ದೇವರದು ಅಂತ ಕೇಳಿದೆ. ಎಲ್ಲಮ್ಮಂದು ಅಂದ್ಲು. ನಮ್ ಮನ್ಯಾಗ ಎಲ್ಲಮ್ಮಗ ನಡಕೊಳ್ಳೋದ ಇಲ್ರಿ ಸ್ವಾಮಿ.”

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಮಕ್ಕಳಿಗೆ ರೊಟ್ಟಿ ಸಾಲದ ದಿನಗಳಿಗೆ ನಾನು ಒಂದೊಂದು ದೇವರನ್ನು ಹುಡುಕಿಕೊಂಡದ್ದು ನಿಜ. ಅತ್ತೆಗೂ ಗೊತ್ತಾಗದ ಹಾಗೆ ಮಾಡಿದ್ದೆ. ಅವರು ಮನೆಯಲ್ಲಿ ಎಂದೂ ತಲೆಯೆತ್ತಿ ನೋಡದ ಮನುಷ್ಯ, ಪಟ್ಟಿಯಲ್ಲೇ ಮುಳುಗಿದ್ದಾರೆ ಎಂದುಕೊಂಡಿದ್ದೆ.

ಸಾಹೇಬರು, “ಇದನ್ನು ಬರೆಯುವುದಕ್ಕೆ ನಮ್ಮ ಪಟ್ಟಿಯಲ್ಲಿ ಕಲಂ ಇಲ್ಲವಯ್ಯಾ” ಎಂದರು.

“ಗೊತ್ತೈತ್ರಿ. ಅದಕ್ಕ ಬಾಯಿಲೆ ಹೇಳಿದೆ.”

ಕೆಲವು ತಿಂಗಳ ಮೇಲೆ ಭತ್ಯೆ ಸ್ವಲ್ಪ ಏರಿತು. ಇವರು ಹೇಳಿದ್ದರಿಂದ ಏರಿತೋ, ಬೇರೆ ಊರಿನ ಪಟ್ಟಿಗಳಿಂದ ಏರಿತೋ ಯಾರಿಗೂ ತಿಳಿಯಲಿಲ್ಲ. ಇವರನ್ನು ದರದ ಕೆಲಸದಿಂದ ಬಿಡಿಸಿ ಹಳೆಯ ಕಾಗದಗಳ ಕೋಣೆಗೆ ಹಾಕಿದರು. ಜೋಳ ಕೊನೆಗೆ ಪಟ್ಟಿಗೆ ಸೇರಿತೇ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕೇಳದೆ ಹೋಯಿತು.

ವಿಚಾರಣೆಯ ದಿನ ನಾವು ಮನೆಗೆ ನಡೆದೆವು. ಅವರು ಮುಂದೆ, ನಾನು ಹಿಂದೆ. ಸಂಜೆ ತಟ್ಟೆ ಹಾಕಿದೆ. ಅವರು ಕೂರಲಿಲ್ಲ. ತಾವೇ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ತಮ್ಮ ತಟ್ಟೆಯ ಪಕ್ಕದಲ್ಲಿಟ್ಟರು. ಅತ್ತೆ ಎದುರಿಗೇ ಕುಳಿತಿದ್ದರು. ಗಂಡನ ಪಕ್ಕ ಕುಳಿತು ಉಣ್ಣುವುದು ನಮ್ಮ ಮನೆಯಲ್ಲಿ ಇಲ್ಲದ್ದು. ನಾನು ನಿಂತೇ ಇದ್ದೆ. ಅವರು ತಮ್ಮ ರೊಟ್ಟಿಯನ್ನು ಮುರಿದು ಅರ್ಧವನ್ನು ಆ ತಟ್ಟೆಗೆ ಹಾಕಿ, ನನ್ನ ಕಡೆ ನೋಡದೆ ಹೇಳಿದರು:

“ಕುಂದ್ರು. ಎಲ್ಲಮ್ಮಗ ನಾ ಹೇಳ್ಕೋತೀನಿ.”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾನು ಕುಳಿತೆ.

ಇವತ್ತೂ ಮಂಗಳವಾರ. ಮಗಳು ಆಗಲೇ ಎರಡು ಸಲ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ. ಹೇಳಿದ ಮೇಲೆ ಅವರು ಕೇಳಿಸಿಕೊಂಡರೇನೋ ಅನಿಸಿತು. ಎದ್ದು ಉಣ್ಣುತ್ತೇನೆ.